ಐಸ್ ಬಾಕ್ಸಿಗೆ ನಳ ಹಚ್ಚಿ ಎರಡೂವರೆ ವರ್ಷ

ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಗೆ ಐದಕ್ಕೆ ನಾಲ್ಕು ಅಂಕ. ಅದರ ಮುಚ್ಚಳಕ್ಕೆ ಒಂದು. ನೀರು ಬಿಡುವ ತೂತಿಗೆ ಜೊತೆಗೆ ಬಂದ ಪ್ಲಾಸ್ಟಿಕ್ ಬಿರಡೆಗೆ ಸೊನ್ನೆ.

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ 26 ಲೀಟರಿನ ಈ ಪಿಕ್ನಿಕ್ ಐಸ್ ಬಾಕ್ಸ್ 1,900 ರೂಪಾಯಿಗೆ ತಂದೆ. ತಂಪು ಇಡೋಕಲ್ಲ, ಬಿಸಿ ಇಡೋಕೆ. ಅಮೆರಿಕದಲ್ಲಿರುವ ನಮ್ಮ ಭಾವ ಇಂಥದ್ದೇ ಡಬ್ಬಿಯಲ್ಲಿ ಮನೆ ಬಿಯರ್‌ಗೆ ಮಾಲ್ಟ್ ನೆನೆಸುತ್ತಾರೆ. ಮ್ಯಾಶ್ ಟನ್ ಅಂತಾರೆ ಅದಕ್ಕೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಅವರದ್ದು ಬಾರ್ಲಿ. ಅದನ್ನು ತರಿಯಾಗಿ ಒಡೆದು, 65–67 ಡಿಗ್ರಿ ನೀರಿನಲ್ಲಿ ಒಂದು ತಾಸು ಇಡಬೇಕು. ಕಾಳಿನೊಳಗಿನ ಕಿಣ್ವಗಳೇ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಒಲೆ ಮೇಲೆ ಇಟ್ಟರೆ ಶಾಖ ಏರಿಳಿಯುತ್ತದೆ. ಐಸ್ ಬಾಕ್ಸಿನ ಗೋಡೆ ಅದನ್ನು ಹಿಡಿದಿಡುತ್ತದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವಂತಿಲ್ಲ, ಕರ್ನಾಟಕ ಅಬಕಾರಿ ಕಾಯ್ದೆ 1965ರದ್ದು. ಹಾಗಾಗಿ ನಾನು ಸಿಹಿ ನೀರಿಗೇ ನಿಲ್ಲಿಸುತ್ತೇನೆ. ಅದನ್ನು ಕಾಯಿಸಿ ಕಾಕವಿಯಂಥ ಪಾಕ ಮಾಡಿ ರೊಟ್ಟಿಗೆ, ಹಾಲಿಗೆ ಬಳಸುತ್ತೇವೆ.

ಈಗ ಬಿರಡೆಯ ವಿಷಯ. ಬಿಸಿನೀರು ಬಿದ್ದ ಎರಡನೇ ಸಲಕ್ಕೇ ಅದು ಮೆತ್ತಗಾಗಿ ಸೋರಿತು. ಅಡುಗೆಮನೆಯ ಫರಸಿ ಮೇಲೆಲ್ಲ ಅಂಟು, ಅದರ ಹಿಂದೆ ಇರುವೆ ಸಾಲು. ಅದನ್ನು ಕಿತ್ತು ಅರ್ಧ ಇಂಚಿನ ಬಾಲ್ ವಾಲ್ವ್ ನಳ ಹಾಕಿದೆ. ಒಳಗೊಂದು, ಹೊರಗೊಂದು ಸಿಲಿಕೋನ್ ವಾಷರ್. ಮೊದಲು ಸುಮ್ನೆ ರಬ್ಬರ್ ವಾಷರ್ ಹಾಕಿದ್ದೆ, ಪಾಕಕ್ಕೆ ಟೈರಿನ ವಾಸನೆ ಬಂತು. ಒಳಗಡೆ ಸೋಸಲು, ಗೀಸರಿಗೆ ಹಾಕುವ ಸ್ಟೀಲ್ ಜಾಲರಿಯ ಪೈಪ್ ತಂದು, ರಬ್ಬರ್ ಎಳೆದು ತೆಗೆದು, ಬರೀ ಜಾಲರಿಯನ್ನು ವಾಲ್ವಿಗೆ ಕಟ್ಟಿದ್ದೇನೆ. ಅದು ಭಾರಕ್ಕೆ ಚಪ್ಪಟೆಯಾಗುತ್ತಿತ್ತು. ಒಳಗೆ ಸ್ಟೀಲ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ತೂರಿಸಿದ ಮೇಲೆ ಸರಿಹೋಯಿತು. ಇದಕ್ಕೆಲ್ಲ ಸುಮಾರು 700 ರೂಪಾಯಿ ಆಯಿತು. ನನ್ನನ್ನು ಕೇಳಿದರೆ ಡಬ್ಬಿ ಯಾವುದಾದರೂ ನಡೆಯುತ್ತದೆ, ದುಡ್ಡು ನಳಕ್ಕೆ ಮತ್ತು ಒಳ್ಳೆ ಥರ್ಮಾಮೀಟರಿಗೆ ಹಾಕಿ.

ಮುಚ್ಚಳ ಒಳಗೆ ಪೊಳ್ಳು. ಗೋಡೆಯಲ್ಲಿ ಫೋಮ್ ಇದೆ, ಮುಚ್ಚಳದಲ್ಲಿ ಬರೀ ಗಾಳಿ. ಹಾಗೇ ಬಿಟ್ಟರೆ ತಾಸಿಗೆ ಮೂರು ಡಿಗ್ರಿ ಇಳಿಯುತ್ತಿತ್ತು. ಈಗ ಮೇಲೆ ಕೌದಿ ಹೊಚ್ಚುತ್ತೇನೆ, ಒಂದೇ ಡಿಗ್ರಿ ಇಳಿಯುತ್ತದೆ. ಅವ್ವ ಮೊದಲ ಸಲ ನೋಡಿ, "ಐಸ್ ಡಬ್ಬಿಗೆ ಯಾರರೆ ಕೌದಿ ಹೊಚ್ತಾರೇನೋ ತಮ್ಮಾ?" ಅಂದಿದ್ದಳು.

ಭಾವನ ಲೆಕ್ಕ ಇಲ್ಲಿ ನಡೆಯಲಿಲ್ಲ ಅನ್ನೋದು ಮುಖ್ಯ. ಕಿಲೋ ಕಾಳಿಗೆ ಮೂರು ಲೀಟರ್ ನೀರು, ನೀರು 74 ಡಿಗ್ರಿ ಇರಲಿ ಅಂದಿದ್ದರು. ಅವರ ಕಾಳು ತಣ್ಣಗಿನ ಗ್ಯಾರೇಜಿನದ್ದು. ನಮ್ಮ ಮನೆಯಲ್ಲಿ ಮೇ ತಿಂಗಳಲ್ಲಿ ಡಬ್ಬದೊಳಗಿನ ಕಾಳೇ 38 ಡಿಗ್ರಿ ಇರುತ್ತದೆ. ಅವರು ಹೇಳಿದಂತೆ ಸುರಿದೆ, 70ಕ್ಕೆ ಹೋಗಿ ನಿಂತಿತು, ಸಿಹಿ ಕಡಿಮೆ ಬಂತು. ಈಗ ಬೇಸಿಗೆಯಲ್ಲಿ 70 ಡಿಗ್ರಿ ನೀರು, ಚಳಿಗಾಲದಲ್ಲಿ 72. ಸುರಿಯುವ ಮುಂಚೆ ಡಬ್ಬಿಯನ್ನು ಬಿಸಿನೀರಿನಿಂದ ಹತ್ತು ನಿಮಿಷ ಕಾಯಿಸಿ ಚೆಲ್ಲುತ್ತೇನೆ. ಕುದಿಯುವ ನೀರು ಬೇಡ. ನಾನೊಮ್ಮೆ ಸುರಿದೆ, ಒಳಗಿನ ತಳ ಉಬ್ಬಿದ್ದು ಇವತ್ತಿಗೂ ಹಾಗೇ ಇದೆ.

ಕಿರಾಣಿ ಅಂಗಡಿಯ ಬಾರ್ಲಿ ತಂದು ಮೊಳಕೆ ಬರಿಸಲು ಹೋಗಬೇಡಿ. ಅದು ಪಾಲಿಶ್ ಆದದ್ದು, ನಾಲ್ಕು ದಿನ ಕಾದರೆ ಸಿಗೋದು ಹುಳಿ ವಾಸನೆ ಮಾತ್ರ. ಸಿಪ್ಪೆ ಇರುವ ಇಡೀ ಕಾಳೇ ಬೇಕು.

ನನ್ನ ಆಸೆ ಇದ್ದದ್ದು ನಮ್ಮೂರ ಕಾಳಿನ ಪೇಟೆ ನೆಹರು ಗಂಜಿನ ಬಿಳಿ ಜೋಳದ ಮೇಲೆ. ಅಲ್ಲಿಯೇ ಜಾಸ್ತಿ ಪೆಟ್ಟು ತಿಂದೆ. ಜೋಳದ ಪಿಷ್ಟ ಬೇಯಲು ಬಾರ್ಲಿಗಿಂತ ಜಾಸ್ತಿ ಶಾಖ ಬೇಕು. ಅಷ್ಟು ಕಾಯಿಸಿದರೆ ಕಿಣ್ವ ಸಾಯುತ್ತದೆ. ಅದಕ್ಕೆ ಜೋಳದ ಮಾಲ್ಟ್ ತರಿಯನ್ನು ಮೊದಲು 45–50 ಡಿಗ್ರಿ ನೀರಿನಲ್ಲಿ ಅರ್ಧ ತಾಸು ನೆನೆಸಿ, ಮೇಲಿನ ತಿಳಿ ಬಸಿದು ಇಟ್ಟುಕೊಳ್ಳುತ್ತೇನೆ. ಕಿಣ್ವ ಅದರಲ್ಲಿರುತ್ತದೆ. ಕೆಳಗಿನ ಗಟ್ಟಿಯನ್ನು ಅಂಬಲಿಯಂತೆ ಕುದಿಸಿ, ಆರಿಸಿ, ಡಬ್ಬಿಗೆ ಹಾಕಿ, ಆಮೇಲೆ ತಿಳಿ ಬೆರೆಸುತ್ತೇನೆ. ಬೆರೆತಾಗ 65ರ ಹತ್ತಿರ ಬರಬೇಕು. ಎರಡು ತಾಸು ಬೇಕು. ನಾಲ್ಕನೇ ಒಂದು ಭಾಗ ಬಾರ್ಲಿ ಮಾಲ್ಟ್ ಸೇರಿಸಿದರೆ ಸಿಹಿ ಚೆನ್ನಾಗಿ ಬರುತ್ತದೆ. ಆಗಿದೆಯೋ ಇಲ್ಲವೋ ನೋಡಲು ಬಿಳಿ ತಟ್ಟೆಯಲ್ಲಿ ಒಂದು ಚಮಚ ರಸಕ್ಕೆ ಅಯೋಡಿನ್ ಹನಿ ಹಾಕುತ್ತೇನೆ. ಕಪ್ಪು ನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. ಆ ರಸ ಚೆಲ್ಲಬೇಕು, ವಾಪಸ್ ಹಾಕಬಾರದು.

ಜೋಳದ ಮೊಳಕೆ, ಬೇರನ್ನು ಒಣಗಿಸಿ ಉಜ್ಜಿ ತೆಗೆಯಲೇಬೇಕು. ಎಳೆ ಜೋಳ ಮೇಯ್ದ ದನ ಸಾಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಅಲ್ವಾ? ಅದೇ ವಿಷ ಮೊಳಕೆಯಲ್ಲೂ ಇರುತ್ತದೆ.

ಜೋಳಕ್ಕೆ ಹೊಟ್ಟಿಲ್ಲ. ಹಾಗಾಗಿ ಜಾಲರಿ ಕಟ್ಟಿಕೊಂಡು, ನಳ ತಿರುಗಿಸಿದರೆ ಹನಿಯೂ ಬರುವುದಿಲ್ಲ. ಶಹಾಪುರದ ಕಡೆಯ ಅಕ್ಕಿ ಗಿರಣಿಯಿಂದ ಒಂದು ಚೀಲ ಭತ್ತದ ಹೊಟ್ಟು ತರಿಸಿದೆ. ತೊಳೆದು ಎರಡು ಹಿಡಿ ಬೆರೆಸಿದರೆ ರಸ ಸರಾಗ ಇಳಿಯುತ್ತದೆ. ಮೊದಲ ಎರಡು ಲೀಟರ್ ಕದಡಿರುತ್ತದೆ, ಅದನ್ನು ಮೆಲ್ಲಗೆ ಮತ್ತೆ ಮೇಲಿಂದ ಸುರಿಯಬೇಕು.

ಎರಡೂವರೆ ವರ್ಷದಲ್ಲಿ ಹಾಳಾದದ್ದು: ಒಂದು ಹಿಂಜು ಮುರಿದಿದೆ, ಮಾಳಿಗೆ ಮೇಲೆ ಬಿಸಿಲಿಗೆ ಒಣಹಾಕಿದ್ದಕ್ಕೆ ಮುಚ್ಚಳ ಬಿರುಕು ಬಿಟ್ಟಿದೆ. ಬೋರ್‌ವೆಲ್ ನೀರಿನ ಬಿಳಿ ಗಾರೆ ವಾಲ್ವಿನಲ್ಲಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಲಿಂಬೆಹಣ್ಣಿನ ರಸ ಹಾಕುತ್ತೇನೆ. ಗೋಡೆ ಮಾತ್ರ ಇನ್ನೂ ಮೊದಲ ದಿನದಂತೆ ಶಾಖ ಹಿಡಿಯುತ್ತದೆ.

ಹೋದ ಬೇಸಿಗೆ ಓಣಿಯ ಮದುವೆಗೆ ಇದನ್ನೇ ಐಸ್ ಇಡೋಕೆ ಒಯ್ದರು. ನಳ ಇರುವುದರಿಂದ ಕರಗಿದ ನೀರು ಬಿಡೋಕೆ ಭಾರಿ ಅನುಕೂಲ ಅಂತ ಹೊಗಳಿ ವಾಪಸ್ ಕೊಟ್ಟರು. ಒಳಗಿನ ಜಾಲರಿ ಮಾತ್ರ ಬರಲಿಲ್ಲ. ಹೊಸದು ಮಾಡಬೇಕು.