ಎರಡು ಸಾವಿರ ಜಾಸ್ತಿಯೋ, ಸೆಟ್ಟಿಂಗ್ ಕಲಿಸುವುದೋ? ಎರಡನ್ನೂ ಮಾಡಿ ನೋಡಿದೆ

ಪೀಣ್ಯದಲ್ಲಿ ನಮ್ಮದು ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನು, 14 ಜನರ ಜಾಬ್‌ವರ್ಕ್ ಶೆಡ್, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಐಟಿಐ ಮುಗಿಸಿದ ಹುಡುಗರು ಬರುತ್ತಾರೆ, ಆರೇಳು ತಿಂಗಳಲ್ಲಿ ಕೈ ಪಳಗುತ್ತದೆ. ಅಷ್ಟರಲ್ಲಿ "ಸಾರ್, ಹಿಂದಿನ ರಸ್ತೇಲಿ ಎರಡು ಸಾವಿರ ಜಾಸ್ತಿ ಕೊಡ್ತಾರಂತೆ." ಇದನ್ನು ತಡೆಯಲು ಎರಡು ದಾರಿ ಹಿಡಿದೆ, ಒಂದೊಂದಕ್ಕೂ ಒಂದು ವರ್ಷ ಕೊಟ್ಟೆ.

ಮೊದಲ ವರ್ಷ ದುಡ್ಡು. ಎಲ್ಲರಿಗೂ 1,500 ಏರಿಸಿ, ರಜೆ ಹಾಕದವರಿಗೆ ತಿಂಗಳಿಗೆ 1,000 ಹಾಜರಾತಿ ಬೋನಸ್ ಇಟ್ಟೆ. ಗೇಟಿಗೆ ಬೋರ್ಡ್ ಹಾಕಿದ ವಾರದಲ್ಲೇ ಜನ ಬಂದರು, ಅದು ನಿಜ. ಆದರೆ ಪಕ್ಕದವರೂ ಏರಿಸಿದರು. ಬೋನಸ್ಸಂತೂ ತಿರುಗುಬಾಣವಾಯಿತು. ಅಕ್ಕನ ಮದುವೆಗೆ ಒಂದು ದಿನ ಹೋದ ಹುಡುಗ, ಹೇಗೂ ಸಾವಿರ ಹೋಯಿತಲ್ಲ ಎಂದು ಆ ತಿಂಗಳು ಇನ್ನೂ ಮೂರು ದಿನ ಬರಲಿಲ್ಲ. ಇನ್ನೊಬ್ಬ ಅದೇ ಸಾವಿರಕ್ಕಾಗಿ ಜ್ವರದಲ್ಲೇ ಬಂದು, ಆಫ್‌ಸೆಟ್‌ನಲ್ಲಿ (ಟೂಲ್ ಎಷ್ಟು ಸರಿಯಬೇಕೆಂದು ಮಷೀನಿಗೆ ಕೊಡುವ ಅಳತೆಯಲ್ಲಿ) 0.05 ಬದಲು 0.5 ಒತ್ತಿದ. ಒಂದು ಟ್ರೇ ಪೂರ್ತಿ ಗುಜರಿಗೆ. ತಪ್ಪು ಅವನದಲ್ಲ, ಆ ಸ್ಥಿತಿಯಲ್ಲಿ ಅವನನ್ನು ಮಷೀನಿನ ಮುಂದೆ ನಿಲ್ಲಿಸಿದ್ದು ನನ್ನ ಬೋನಸ್ಸು. ವರ್ಷದ ಕೊನೆಗೆ ಆರು ಜನ ಬಿಟ್ಟಿದ್ದರು.

ಎರಡನೇ ವರ್ಷ, ಬಿಟ್ಟು ಹೋದವರನ್ನಲ್ಲ, ಉಳಿದವರನ್ನು ಕೂರಿಸಿಕೊಂಡು ಕೇಳಿದೆ. ಸಂಬಳದ ಮಾತು ಮೂರನೆಯದಾಗಿ ಬಂತು. ಭಾನುವಾರ ರಜೆ ಖಾತ್ರಿಯಾ? ಸೆಟ್ಟಿಂಗ್ (ಹೊಸ ಕೆಲಸಕ್ಕೆ ಮಷೀನು ಹೊಂದಿಸುವುದು) ಯಾವಾಗ ಕಲಿಸ್ತೀರಿ? ಆಪರೇಟರ್, ಆಫ್‌ಸೆಟ್, ಸೆಟ್ಟರ್, ಪ್ರೋಗ್ರಾಂ ಎಂದು ನಾಲ್ಕು ಮೆಟ್ಟಿಲು ಬರೆದು ಗೋಡೆಗೆ ಅಂಟಿಸಿದೆ. ಒಂದೊಂದು ಹತ್ತಿದರೂ 1,500 ಏರಿಕೆ. ಪ್ರತಿ ಶನಿವಾರ ಎರಡು ಗಂಟೆ ಒಂದು ಮಷೀನು ಕಲಿಕೆಗೇ ಮೀಸಲು. ಆ ಗಂಟೆಗಳ ನಷ್ಟ ಕಣ್ಣಿಗೆ ಕಾಣುತ್ತಿತ್ತು, ಹಿಂಜರಿಯಲಿಲ್ಲ.

ನೌಕರರ ಆರೋಗ್ಯ ವಿಮೆ ಇಎಸ್‌ಐ ಹತ್ತು ಜನರಿದ್ದರೆ ಕಡ್ಡಾಯ, ನಾವು ಕಟ್ಟುತ್ತಲೇ ಇದ್ದೆವು. 18,000 ಸಂಬಳಕ್ಕೆ ಅವರದು 135, ನಮ್ಮದು 585. ಅವಲಂಬಿತ ಅಪ್ಪ-ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ! ಪಿಎಫ್ 20 ಜನರ ಕೆಳಗೆ ಕಡ್ಡಾಯವಲ್ಲ, ಆದರೂ ಸೇರಿದೆವು. ಸಂಬಳದಲ್ಲಿ 15,000ದ ಮಿತಿಯವರೆಗೆ ಮಾತ್ರ ಲೆಕ್ಕ ಹಿಡಿದು 12 ಪರ್ಸೆಂಟ್, ಅಂದರೆ ಕೈಗೆ 1,800 ಕಡಿಮೆ. ಹೊಸಬರಿಗೆ ಇದು ಇಷ್ಟವಾಗಲಿಲ್ಲ. ಮದುವೆಯಾದವರು ಮಾತ್ರ ಪಾಸ್‌ಬುಕ್ ತೆರೆದು ನೋಡಿಕೊಳ್ಳುತ್ತಿದ್ದರು.

ಆ ವರ್ಷ ಬಿಟ್ಟವರು ಇಬ್ಬರೇ. ಆದರೆ "ಭಾನುವಾರ ರಜೆ, ಸೆಟ್ಟಿಂಗ್ ಕಲಿಸಲಾಗುವುದು" ಎಂಬ ಬೋರ್ಡಿಗೆ ಬಂದ ಫೋನ್‌ಗಳೂ ಕಡಿಮೆಯೇ. ಸಂಬಳ ಪೇಟೆಯ ಮಟ್ಟಕ್ಕಿಂತ ಕೆಳಗಿದ್ದರೆ ಮೆಟ್ಟಿಲಿನ ಮಾತು ಯಾರ ಕಿವಿಗೂ ಹೋಗದು. ಹಾಗಾಗಿ ಏರಿಸಿದ್ದನ್ನು ಉಳಿಸಿಕೊಂಡು, ಹಾಜರಾತಿ ಬೋನಸ್ ತೆಗೆದು, ಆ ಹಣವನ್ನು ಮೆಟ್ಟಿಲುಗಳಿಗೆ ಹಾಕಿದ್ದೇನೆ. ರಾತ್ರಿ ಪಾಳಿಗೆ ಏನು ಕೊಡಬೇಕೆಂದು ಇನ್ನೂ ಹೊಳೆದಿಲ್ಲ. ಬಿಟ್ಟ ಇಬ್ಬರೂ ಆ ಪಾಳಿಯವರೇ.