ಹಳೇ ಡಿಎಸ್‌ಗೆ ಲ್ಯಾಪ್‌ಟಾಪ್ ಹಾಟ್‌ಸ್ಪಾಟ್: ಎರಡು ವರ್ಷ ಬಳಸಿದ ಮೇಲೆ

ಮನೆಯ ರೂಟರ್ ಹೆಸರು ನನ್ನ ನಿಂಟೆಂಡೊ ಡಿಎಸ್ ಲೈಟ್ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದಲ್ಲಿ ಕಾಣುತ್ತಿತ್ತು. ಆದರೆ ಪಕ್ಕದಲ್ಲೇ ಬೂದು ಬಣ್ಣದ ಬೀಗ. ಒಳಗೆ ಬಿಡೋದಿಲ್ಲ ಅಂತ ಅರ್ಥ. ಡಿಎಸ್‌ಗೆ ಗೊತ್ತಿರುವುದು ವೆಪ್ ಎಂಬ ಓಬೀರಾಯನ ಕಾಲದ ಭದ್ರತೆ, ಇಲ್ಲವೇ ಪಾಸ್‌ವರ್ಡೇ ಇಲ್ಲದ ವೈಫೈ. ವಿಂಡೋಸ್ 10ರ ಮೊಬೈಲ್ ಹಾಟ್‌ಸ್ಪಾಟ್ ಕೂಡ ಪ್ರಯತ್ನಿಸಿದೆ. ಅದೂ ಪಾಸ್‌ವರ್ಡ್ ಬಿಡಲು ಒಪ್ಪಲಿಲ್ಲ.

ಕೊನೆಗೆ ಮೂಲೆ ಸೇರಿದ್ದ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಹೋಸ್ಟ್‌ಎಪಿಡಿ (ವೈಫೈ ಹಂಚಲು) ಮತ್ತು ಡಿಎನ್‌ಎಸ್‌ಮಾಸ್ಕ್ (ಸೇರಿದ ಯಂತ್ರಕ್ಕೆ ನೆಟ್‌ವರ್ಕ್ ವಿಳಾಸ ಕೊಡಲು) ಎಂಬ ಎರಡು ಉಚಿತ ಸಾಫ್ಟ್‌ವೇರ್ ಕೂರಿಸಿದೆ. ಇಂಟರ್ನೆಟ್ ಕೇಬಲ್‌ನಲ್ಲಿ ಬರುತ್ತದೆ, ವೈಫೈ ಕಾರ್ಡ್ ಡಿಎಸ್‌ಗೆ ಮೀಸಲು. ಮೊದಲು ತಂದ ಯುಎಸ್‌ಬಿ ಡಾಂಗಲ್ ದಂಡವಾಯ್ತು, ತಾನೇ ವೈಫೈ ಹಂಚುವ ಎಪಿ ಮೋಡ್ ಅದರಲ್ಲಿ ಇರಲೇ ಇಲ್ಲ. ಕೊಳ್ಳುವ ಮುಂಚೆ ಅದೊಂದನ್ನು ವಿಚಾರಿಸಿಕೊಳ್ಳಿ.

ನನ್ನ ತಲೆ ತಿಂದದ್ದು ವೇಗ. ಜಾಸ್ತಿ ಅಲ್ಲ, ಕಡಿಮೆ ಬೇಕು! ಡಿಎಸ್‌ನ ರೇಡಿಯೊ ಮಾತಾಡುವುದೇ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್‌ನಲ್ಲಿ. ಹೋಸ್ಟ್‌ಎಪಿಡಿಯ ಬೇಸಿಕ್ ರೇಟ್ಸ್ ಸಾಲಿನಲ್ಲಿ 10 ಮತ್ತು 20 (ಅಂದರೆ 1 ಮತ್ತು 2 ಮೆಗಾಬಿಟ್) ಅಂತ ಬರೆಯುವ ತನಕ ನನ್ನದು ಮನಸ್ಸು ಬಂದರೆ ಸೇರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಬರೆದ ಮೇಲೆ ಮೊದಲ ಸಲಕ್ಕೇ ಸೇರಿತು, ಡಿಎಸ್‌ನ ಪವರ್ ದೀಪ ಪಟಪಟ ಮಿಟುಕಿತು.

ಪಾಸ್‌ವರ್ಡ್ ಇಲ್ಲದ ವೈಫೈ ಅಂದರೆ ಪಕ್ಕದ ಮನೆಯವರಿಗೂ ಬಾಗಿಲು ತೆರೆದಂತೆ ಅಲ್ವಾ? ಅದಕ್ಕೆ ಡಿಎಸ್‌ನ ಮ್ಯಾಕ್ ವಿಳಾಸಕ್ಕೆ (ಪ್ರತಿ ಯಂತ್ರದ ವೈಫೈ ಗುರುತಿನ ಸಂಖ್ಯೆ, ಅಂಕಿ ಅಕ್ಷರ ಎರಡೂ ಇರುತ್ತವೆ) ಮಾತ್ರ ಅನುಮತಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಬಿ ಅಕ್ಷರವನ್ನು 8 ಅಂತ ಓದಿ ಅರ್ಧ ಗಂಟೆ ಹಾಳು ಮಾಡಿಕೊಂಡೆ. ಇದೂ ಗಟ್ಟಿ ಬೀಗವೇನಲ್ಲ, ಮ್ಯಾಕ್ ವಿಳಾಸವನ್ನು ನಕಲು ಮಾಡಬಹುದು. ಆದ್ದರಿಂದ ಆಟ ಮುಗಿದ ತಕ್ಷಣ ಹಾಟ್‌ಸ್ಪಾಟ್ ಆಫ್.

ಎರಡು ವರ್ಷದಲ್ಲಿ ಎರಡು ಸಲ ಕೈಕೊಟ್ಟಿದೆ, ಎರಡೂ ಸಲ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ. ಒಮ್ಮೆ ಲಿನಕ್ಸ್‌ನದೇ ನೆಟ್‌ವರ್ಕ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ವೈಫೈ ಕಾರ್ಡನ್ನು ಕಿತ್ತುಕೊಂಡಿತ್ತು. ಇನ್ನೊಮ್ಮೆ ಡಿಎನ್‌ಎಸ್‌ಮಾಸ್ಕ್‌ಗೆ ಬೇಕಾದ 53ನೇ ಪೋರ್ಟನ್ನು ಬೇರೆ ಸೇವೆ ಹಿಡಿದು ಕೂತಿತ್ತು, ಡಿಎಸ್ ಮಾತ್ರ ಸುಮ್ನೆ 52100 ಅಂತ ಎರರ್ ತೋರಿಸುತ್ತಿತ್ತು. ಲಿನಕ್ಸ್ ಕಮಾಂಡ್ ಅಂದರೆ ಬೆಚ್ಚುವವರಿಗೆ ಇದು ಬೇಡ. ಸೋನಿಯ ಪಿಎಸ್‌ಪಿ ಗೇಮ್ ಯಂತ್ರ ಇದ್ದವರಿಗೆ ಇಷ್ಟು ಕಷ್ಟವಿಲ್ಲ, ಅದಕ್ಕೆ ವೆಪ್‌ಗಿಂತ ಹೊಸದಾದ ಡಬ್ಲ್ಯೂಪಿಎ ಭದ್ರತೆ ಬರುತ್ತದೆ.

ನಿಂಟೆಂಡೊ ತನ್ನ ಡಿಎಸ್ ಆನ್‌ಲೈನ್ ಸೇವೆಯನ್ನು 2014ರ ಮೇ 20ರಂದು ನಿಲ್ಲಿಸಿತು. ಮತ್ತೆ ಇದೆಲ್ಲ ಯಾಕೆ ಅಂತೀರಾ? ಅಭಿಮಾನಿಗಳು ನಡೆಸುವ ಸರ್ವರ್‌ಗಳಿವೆ. ಡಿಎಸ್‌ನಲ್ಲಿ ಡಿಎನ್‌ಎಸ್ ವಿಳಾಸ (ಯಾವ ಸರ್ವರ್ ಎಲ್ಲಿದೆ ಅಂತ ಕೇಳುವ ಜಾಗ) ಬದಲಿಸಿದರೆ ಸಾಕು. ಕಳೆದ ವಾರ ಪೋಕೆಮಾನ್ ಡೈಮಂಡ್‌ನ ಜಿಟಿಎಸ್ ಎಂಬ ಆನ್‌ಲೈನ್ ವಿನಿಮಯ ಕಟ್ಟೆಯಲ್ಲಿ ರಾತ್ರಿ ಒಂದು ಬೀಡೂಫ್ ಎಂಬ ಪೋಕೆಮಾನ್ ಬಿಟ್ಟು ಮಲಗಿದೆ. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು ನೋಡಿದರೆ, ಯಾರೋ ಪುಣ್ಯಾತ್ಮರು ಅದನ್ನು ತೆಗೆದುಕೊಂಡು ನಾನು ಬದಲಿಗೆ ಕೇಳಿದ್ದ ಶಿಂಕ್ಸ್ ಎಂಬ ಪೋಕೆಮಾನ್ ಇಟ್ಟು ಹೋಗಿದ್ದರು.