ಅನುವಾದದ ಆಪ್: ತಮಾಜಿಗ್ತ್‌ಗೆ ಎರಡು ಸ್ಟಾರ್, ಟೋಕ್ ಪಿಸಿನ್‌ಗೆ ಒಂದೂವರೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಹೋಟೆಲ್ ಮೆನು, ಬಾಡಿಗೆ ಕರಾರು, ಇದೇ ಕೆಲಸ. ಫೋನಿನ ಫ್ರೀ ಅನುವಾದದ ಆಪ್ ದಿನಾ ಬೇಕು. ಮೊನ್ನೆ ಗಿರಾಕಿ ಇರಲಿಲ್ಲ, ಸುಮ್ನೆ ಅದರ ಭಾಷೆಗಳ ಪಟ್ಟಿ ನೋಡುತ್ತಾ ಹೋದೆ. ತಮಾಜಿಗ್ತ್ ಸಿಕ್ಕಿತು, ಮೊರಾಕೊ ಕಡೆಯ ಬರ್ಬರ್ ಭಾಷೆ. ಟೋಕ್ ಪಿಸಿನ್ ಕೂಡ ಇತ್ತು, ಪಪುವಾ ನ್ಯೂಗಿನಿಯಲ್ಲಿ ಬೇರೆ ಬೇರೆ ಭಾಷೆಯವರು ಪರಸ್ಪರ ಮಾತಾಡುವ, ಇಂಗ್ಲಿಷ್ ಪದಗಳಿಂದ ಬೆಳೆದ ಕ್ರಿಯೋಲ್, ಅಂದ್ರೆ ಭಾಷೆಗಳು ಬೆರೆತು ಹುಟ್ಟಿದ ಭಾಷೆ. ಎರಡನ್ನೂ ಪರೀಕ್ಷೆ ಮಾಡೋಣ ಅನ್ನಿಸಿತು.

ಟೋಕ್ ಪಿಸಿನ್ ಓದೋಕೆ ಮಜಾ. ಆಸ್ಪತ್ರೆಗೆ 'ಹೌಸ್ ಸಿಕ್', ಗಡ್ಡಕ್ಕೆ 'ಗ್ರಾಸ್ ಬಿಲೋಂಗ್ ಫೆಸ್', ಅಂದ್ರೆ ಮುಖದ ಹುಲ್ಲು! ಹತ್ತು ನಿಮಿಷದಲ್ಲಿ ಈ ಭಾಷೆ ನನಗೆ ಬಂದೇ ಬಿಟ್ಟಿತು ಅಂದುಕೊಂಡೆ. ಆಮೇಲೆ ಈ ವಾಕ್ಯ ಹಾಕಿದೆ: 'ನಾವು ದೋಸೆ ತಿನ್ನಲು ಹೋಗುತ್ತೇವೆ, ನೀನು ಅಂಗಡಿಯಲ್ಲೇ ಇರು.' ಉತ್ತರ 'ಯುಮಿ' ಅಂತ ಶುರುವಾಯಿತು. ಯುಮಿ ಅಂದರೆ ಕೇಳುವವನೂ ಸೇರಿದ ನಾವು. ಅವನನ್ನು ಬಿಟ್ಟು ನಾವು ಅನ್ನೋಕೆ 'ಮಿಪೆಲ', ಅದರಲ್ಲೂ ಇಬ್ಬರೇ ಆದರೆ 'ಮಿತುಪೆಲ' ಬೇಕು. ನಮ್ಮಲ್ಲಿ ಕೆಲಸ ಮಾಡುವ ಹುಡುಗ ಮೊಳಕಾಲ್ಮೂರಿನವನು, ಮನೆಮಾತು ತೆಲುಗು. ಒಂದು ಕ್ಷಣಕ್ಕೇ ಹಿಡಿದ: 'ಮನಂ, ಮೇಮು ಇದ್ದಂಗೆ ಅಲ್ವಾ ಅಣ್ಣ?' ಹೌದು ಕಣಪ್ಪ, ಅದೇ. ನಮ್ಮ ಕನ್ನಡಕ್ಕೆ ಎರಡಕ್ಕೂ ಒಂದೇ 'ನಾವು'. ಹಾಗಾಗಿ ಉತ್ತರವನ್ನು ವಾಪಸ್ ಕನ್ನಡಕ್ಕೆ ತಿರುಗಿಸಿ ನೋಡಿದರೂ 'ನಾವು' ಅಂತಲೇ ಬರುತ್ತೆ, ತಪ್ಪು ಅಲ್ಲೇ ಮುಚ್ಚಿಹೋಗುತ್ತೆ. ನಾನು ಇಷ್ಟು ದಿನ ಹೀಗೆ ತಿರುಗಿಸಿ ನೋಡಿಯೇ ಧೈರ್ಯವಾಗಿ ಪ್ರಿಂಟ್ ಕೊಡುತ್ತಿದ್ದೆ.

ತಮಾಜಿಗ್ತ್‌ನಲ್ಲಿ ಆ ಧೈರ್ಯವೇ ಬರಲಿಲ್ಲ. ತಿಫಿನಾಗ್ ಲಿಪಿ ನೋಡೋಕೆ ಚೆಂದ, ದುಂಡು, ಗೆರೆ, ಚುಕ್ಕಿ. ಮೊರಾಕೊ ಇದನ್ನು ಒಪ್ಪಿದ್ದು 2003ರಲ್ಲಿ, ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 2011ರಲ್ಲಿ. ಅಂಗಡಿಯ ಹಳೇ ಕಂಪ್ಯೂಟರಿಗೆ ಅಂಟಿಸಿದರೆ ಬರೀ ಖಾಲಿ ಚೌಕಗಳು! ಕನ್ನಡ ಟೈಪಿಂಗಿನ 'ನುಡಿ' ಸಾಫ್ಟ್‌ವೇರಿನ ಹಳೇ ಫೈಲುಗಳನ್ನು ಯೂನಿಕೋಡಿಗೆ ತರುವಾಗ ಪಟ್ಟ ಪಾಡು ನೆನಪಾಯಿತು. ಲ್ಯಾಟಿನ್ ಅಕ್ಷರದಲ್ಲೂ ಕೊಡುತ್ತೆ, ಬಚಾವ್. ಹೋರಿ 'ಅಫುನಾಸ್', ಹಸು 'ತಫುನಾಸ್ತ್', ಹಿಂದೆ ಮುಂದೆ ಒಂದೊಂದು ತ, ಇಷ್ಟು ಅರ್ಥವಾಯಿತು. ಆದರೆ ಗಂಡಸು 'ಅರ್ಗಾಜ್', 'ಗಂಡಸು ಬಂದ' ಅನ್ನುವಾಗ 'ಬಂದ' ಮೊದಲು, ಹಿಂದಿನಿಂದ ಗಂಡಸು, ಅದೂ 'ಉರ್ಗಾಜ್' ಆಗಿ. ಜೊತೆಗೆ ರಿಫ್ ಬೆಟ್ಟದವರ ಮಾತು ಬೇರೆ, ಅಟ್ಲಾಸ್‌ನವರದ್ದು ಬೇರೆ, ಸೂಸ್ ಕಡೆಯದ್ದು ಇನ್ನೊಂದು. ಈ ಆಪ್ ಯಾರ ಮಾತು ಕೊಡುತ್ತಿದೆ ಅಂತ ಪರದೆ ಮೇಲೆ ಎಲ್ಲೂ ಬರೆದಿಲ್ಲ. ಧಾರವಾಡ, ಮಂಗಳೂರು, ದುರ್ಗದ ಮಾತಿಗೆಲ್ಲ ಒಂದೇ ಬಟನ್ ಇಟ್ಟಂಗೆ.

ಆದರೂ ಇದಕ್ಕೇ ಅರ್ಧ ಸ್ಟಾರ್ ಜಾಸ್ತಿ. ಗೊತ್ತಿಲ್ಲ ಅಂತ ಗೊತ್ತಿದ್ದರೆ ಬಲ್ಲವರನ್ನು ಹುಡುಕುತ್ತೇನೆ. ಟೋಕ್ ಪಿಸಿನ್ ಆಗಿದ್ದರೆ ಬೋರ್ಡೇ ಹೊಡೆಸಿಬಿಡುತ್ತಿದ್ದೆ.

ಅಂದ ಹಾಗೆ, ಹುಡುಗ 'ಯುಮಿ ಅಂತ ಬಂದಿದೆ ಅಣ್ಣ' ಅಂತ ಶಟರ್ ಎಳೆದು ಹೊರಟೇ ಬಿಟ್ಟ. ಬೆಣ್ಣೆ ದೋಸೆ ಬಿಲ್ಲು ನನ್ನದೇ.